ಮಡಗಾಸ್ಕರ್: 16 ದಿನ, ಆರು ಪ್ರಾಣಿ. ಈ ಪಟ್ಟಿ ಆಗೋ ಮಾತಾ?

ಅಲೆಮಾರಿ16
ಅಕ್ಟೋಬರ್ ಎರಡನೇ ವಾರದಿಂದ 16 ದಿನ ಮಡಗಾಸ್ಕರ್. ಬೀಚು, ಪೇಟೆ, ಮ್ಯೂಸಿಯಂ ಯಾವುದೂ ಬೇಡ, ಪ್ರಾಣಿಗಳು ಮಾತ್ರ. ಪಟ್ಟಿ ಇದು: ಇಂದ್ರಿ, ಆಯ್-ಆಯ್, ಕುಣಿಯುವ ಸಿಫಾಕಾ, ಉಂಗುರಬಾಲ (ಈ ನಾಲ್ಕೂ ಲೀಮರ್‌ಗಳು, ಅಂದರೆ ಮಂಗಗಳ ದೂರದ ನೆಂಟರು), ಬೇಟೆಯಾಡುವ ಫೊಸ್ಸಾ, ಜೊತೆಗೆ ಸಿಕ್ಕಷ್ಟು ಗೋಸುಂಬೆ.

ಹಾಕಿಕೊಂಡಿರುವ ದಾರಿ: ರಾಜಧಾನಿ ಅಂಟಾನಾನಾರಿವೊ – ಅಂಡಾಸಿಬೆ – ರಾನೊಮಫಾನಾ – ಇಸಾಲೊ – ಟೊಲಿಯಾರಾ – ಮೊರೊಂಡಾವಾ – ಕಿರಿಂಡಿ – ತ್ಸಿಂಗಿ – ನೋಸಿ ಬೆ. ನಕ್ಷೆಯಲ್ಲಿ ನೋಡಿದರೆ ಅಂಥ ದೂರವೇನೂ ಕಾಣುವುದಿಲ್ಲ. ಪ್ರವಾಸಿ ಕೈಪಿಡಿಗಳೆಲ್ಲ "ಲೀಮರ್‌ಗಳನ್ನು ಕಣ್ತುಂಬಿಕೊಳ್ಳಿ" ಎಂದು ಕೈತೊಳೆದುಕೊಳ್ಳುತ್ತವೆ. ಯಾವ ಪ್ರಾಣಿ ಎಲ್ಲಿ, ಯಾವ ಹೊತ್ತಿಗೆ, ಎಷ್ಟು ದಿನ ಕೊಡಬೇಕು? ಬೈದರೂ ಪರವಾಗಿಲ್ಲ, ಸರಿಯಾಗಿ ಹೇಳಿ.

ತಾನಾದಾರಿ
"ಅಂಥ ದೂರವೇನೂ ಕಾಣುವುದಿಲ್ಲ" ಅಂತೆ! ಗುರು, ದ್ವೀಪ ಅಂದ ತಕ್ಷಣ ಸಂಜೆಯೊಳಗೆ ಒಂದು ಸುತ್ತು ಹಾಕಿ ಬರೋದು ಅಂದ್ಕೊಂಡ್ರಾ? ಸುಮಾರು 5,87,000 ಚದರ ಕಿ.ಮೀ. ಜಗತ್ತಿನ ನಾಲ್ಕನೇ ದೊಡ್ಡ ದ್ವೀಪ. ನಿಮ್ಮ ದಾರಿಗೆ 16 ದಿನ ಅಲ್ಲ, 40 ದಿನ ಬೇಕು. ಟೊಲಿಯಾರಾದಿಂದ ಮೊರೊಂಡಾವಾಗೆ ಕರಾವಳಿಗುಂಟ ನೀವು ಎಳೆದಿರೋ ಗೆರೆ ಇದೆಯಲ್ಲ, ಅದು ಮರಳು ಮತ್ತು ಹೊಳೆ ದಾಟೋ ದಾರಿ. ಫೋರ್ ವೀಲ್ ಡ್ರೈವ್ ಇದ್ರೂ ಎರಡು ಮೂರು ದಿನ ಅದೊಂದಕ್ಕೇ ಹೋಗುತ್ತೆ.

ಲಾಟೀನು
ನಕ್ಷೆ ಒಳಗ ಕಿಲೋಮೀಟರ್ ನೋಡಬ್ಯಾಡ್ರಿ, ತಾಸು ನೋಡ್ರಿ. ಅಲ್ಲಿ ಗಾಡಿ ತಾಸಿಗೆ 40 ಕಿ.ಮೀ. ಹೋದ್ರ ಭಾಳ ಆತು. ಕತ್ತಲಾದ ಮ್ಯಾಲೆ ಹೆದ್ದಾರಿ ಮ್ಯಾಲೆ ಓಡಾಡೋ ಲೆಕ್ಕಾನ ಇಟ್ಕೋಬ್ಯಾಡ್ರಿ. ಗುಂಡಿ, ದೀಪ ಇಲ್ಲದ ಎತ್ತಿನ ಗಾಡಿ, ದರೋಡೆ, ಎಲ್ಲಾ ಐತಿ.

ಮಲೆಕಾಡು
ಮೊದಲು ಒಂದು ವಿಷಯ. "ಲೀಮರ್" ಅಂದರೆ ಒಂದು ಪ್ರಾಣಿಯಲ್ಲ, ನೂರಕ್ಕೂ ಹೆಚ್ಚು ಪ್ರಭೇದಗಳಿವೆ. ಒಂದೊಂದಕ್ಕೂ ಅದರದೇ ತುಂಡು ಕಾಡು. ಎಷ್ಟೋ ಕಡೆ ಹೊಳೆಯ ಈ ದಡದಲ್ಲಿ ಇರುವುದು ಆ ದಡದಲ್ಲಿ ಇಲ್ಲ. ಹಾಗಾಗಿ ಊರುಗಳ ಪಟ್ಟಿ ಮಾಡಿ ಅಲ್ಲೇನಿದೆ ಎಂದು ಹುಡುಕಬೇಡಿ. ಪ್ರಾಣಿ ಆರಿಸಿಕೊಳ್ಳಿ, ಕಾಡು ತಾನೇ ಗೊತ್ತಾಗುತ್ತದೆ.

ದ್ವೀಪದ ಪೂರ್ವದ ಅಂಚು ಇಡೀ ವರ್ಷ ಮಳೆಯ ಕಾಡು. ನಡುವೆ ಎತ್ತರದ ಬೋಳು ಪ್ರಸ್ಥಭೂಮಿ. ಪಶ್ಚಿಮಕ್ಕೆ ಎಲೆ ಉದುರಿಸುವ ಒಣಕಾಡು, ದಕ್ಷಿಣಕ್ಕೆ ಮುಳ್ಳುಕಾಡು. ನಿಮ್ಮ ಪಟ್ಟಿಯಲ್ಲಿ ಇಂದ್ರಿ ಪೂರ್ವದ್ದು. ಫೊಸ್ಸಾ ಎಲ್ಲೆಡೆ ಇದ್ದರೂ ಕಣ್ಣಿಗೆ ಬೀಳುವುದು ಪಶ್ಚಿಮದ ಕಿರಿಂಡಿಯಲ್ಲಿ. ಉಂಗುರಬಾಲ ದಕ್ಷಿಣದ್ದು. ಮೂರು ದಿಕ್ಕು! ಒಂದನ್ನು ಬಿಡಲೇಬೇಕು.

ಇಂದ್ರಿಗೆ ಅಂಡಾಸಿಬೆ, ರಾಜಧಾನಿಯಿಂದ ಸುಮಾರು 150 ಕಿ.ಮೀ., ನಾಲ್ಕು ಗಂಟೆ ಅಂದುಕೊಳ್ಳಿ, ಲಾರಿಗಳು ಅಡ್ಡ ಬಂದರೆ ಇನ್ನೂ ಹೆಚ್ಚು. ಮೂರು ರಾತ್ರಿ ಕೊಡಿ. ಬದುಕಿರುವ ಲೀಮರ್‌ಗಳಲ್ಲಿ ಇದೇ ದೊಡ್ಡದು, 6ರಿಂದ 9 ಕಿಲೋ, ಬಾಲ ಮೋಟು. ಹಾಡುವುದು ಹೆಚ್ಚಾಗಿ ಬೆಳಗಿನ 7ರಿಂದ 11ರ ನಡುವೆ. ಒಂದು ಕುಟುಂಬ ಶುರು ಮಾಡಿದರೆ ಪಕ್ಕದ ಕುಟುಂಬ ಉತ್ತರ ಕೊಡುತ್ತದೆ. 2 ಕಿ.ಮೀ. ಆಚೆಗೂ ಕೇಳುತ್ತದೆ. ಮಳೆ ಹಿಡಿದರೆ ಮುದುರಿ ಕೂತು ಹಾಡುವುದೇ ಇಲ್ಲ, ಅದಕ್ಕೇ ಒಂದು ಬೆಳಗ್ಗೆ ಸಾಲದು ಅನ್ನುವುದು.

ಪುಟ್ಟಕಪ್ಪೆ
ಇಂದ್ರಿ ಯಾವುದಾದರೂ ಮೃಗಾಲಯದಲ್ಲಿ ನೋಡಬಹುದಲ್ಲ? ಅಷ್ಟು ದೂರ ಯಾಕೆ?

ಮಲೆಕಾಡು
ಇಲ್ಲ. ಹಿಡಿದು ಸಾಕುವ ಪ್ರಯತ್ನಗಳು ಯಾವುವೂ ಫಲಿಸಿಲ್ಲ. ಚಿಗುರೆಲೆ ತಿನ್ನುವ ಪ್ರಾಣಿ, ಕಾಡಿನ ಹತ್ತಾರು ಬಗೆಯ ಎಲೆ ಬೇಕು, ಬೋನಿನಲ್ಲಿ ಬದುಕುವುದಿಲ್ಲ. ಕಾಡಿಗೇ ಹೋಗಬೇಕು.

ರಾತ್ರಿಗೂಬೆ
ಇಂದ್ರಿ ವಿಷಯದಲ್ಲಿ ಒಂದು ಎಚ್ಚರಿಕೆ. ಕೆಲವು ಗೈಡ್‌ಗಳು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದ ಹಾಡು ಹಾಕಿ ಉತ್ತರ ಕೊಡಿಸುತ್ತಾರೆ. ಬೇಡ ಎಂದು ಹೊರಡುವ ಮೊದಲೇ ಹೇಳಿಬಿಡಿ. ಆ ಹಾಡು ಗಡಿ ಸಾರುವ ಕೂಗು. ನಮ್ಮ ಜಾಗಕ್ಕೆ ಯಾರೋ ನುಗ್ಗಿದ್ದಾರೆ ಎಂದು ಅವು ತಿನ್ನುವುದನ್ನು ಬಿಟ್ಟು ಓಡಾಡುತ್ತವೆ. ದಿನಕ್ಕೆ ಹತ್ತು ಗುಂಪು ಬಂದು ಹತ್ತು ಸಲ ಹೀಗೆ ಮಾಡಿದರೆ ಅವುಗಳ ಗತಿ?

ತಾನಾದಾರಿ
ಒಂದ್ಸಲ ಹಾಕಿದ್ರೆ ಕಾಡೇನೂ ಮುಳುಗಲ್ಲ ಬಿಡಿ. ಗೈಡ್‌ಗಳ ಹೊಟ್ಟೆಪಾಡು ಕೂಡ ನೋಡ್ಬೇಕಲ್ವ? ಪ್ರಾಣಿ ತೋರಿಸದಿದ್ರೆ ಬಕ್ಷೀಸು ಸಿಗಲ್ಲ.

ರಾತ್ರಿಗೂಬೆ
"ಒಂದ್ಸಲ" ಎಂದು ಪ್ರತಿಯೊಬ್ಬರೂ ಹೇಳುವುದೇ ಸಮಸ್ಯೆ. ಬಕ್ಷೀಸು ಕೊಡಿ, ಹಾಡು ಹಾಕದಿದ್ದಕ್ಕೇ ಕೊಡಿ. ತಾನಾಗಿ ಹಾಡುವ ಪ್ರಾಣಿಗೆ ಸ್ಪೀಕರ್ ಯಾಕೆ?

ಕಡಲಮೀನು
ಆಯ್-ಆಯ್ ಬಗ್ಗೆ ಯಾರೂ ಹೇಳಲಿಲ್ಲ ಮಾರಾಯ್ರೆ. ಕಾಡಿನಲ್ಲಿ ಅದನ್ನು ಹುಡುಕಿ ಸಿಗುವುದು ಅಂದರೆ ಲಾಟರಿ. ಖಾತ್ರಿ ಬೇಕಾದರೆ ಎರಡು ದಾರಿ ಉಂಟು. ಒಂದು ಮನನಾರಾ ಹತ್ತಿರದ ಪುಟ್ಟ ನದಿದ್ವೀಪ, ಆದರೆ ಆ ರಸ್ತೆ ದೇವರಿಗೇ ಪ್ರೀತಿ. ಇನ್ನೊಂದು ಅಂಕಾನಿನ್ ನೋಫಿ, ಪಂಗಲಾನ್ ಕಾಲುವೆಯ ಸರೋವರದ ದಡ. ಅಂಡಾಸಿಬೆಯಿಂದ ಅದೇ ಎರಡನೇ ನಂಬರಿನ ಹೆದ್ದಾರಿಯಲ್ಲಿ ಪೂರ್ವಕ್ಕೆ ಹೋಗಿ, ಮನಂಬಾಟೊದಲ್ಲಿ ದೋಣಿ ಹತ್ತಬೇಕು. ಅಲ್ಲಿ ಕತ್ತಲಾದ ಮೇಲೆ ಸಣ್ಣ ದ್ವೀಪಕ್ಕೆ ಕರೆದುಕೊಂಡು ಹೋಗುತ್ತಾರೆ, ತೆಂಗಿನಕಾಯಿ ಕಟ್ಟಿಟ್ಟಿರುತ್ತಾರೆ, ಅದು ಬಂದು ಕೊರೆಯುತ್ತದೆ. ಹತ್ತಡಿ ದೂರದಿಂದ ನೋಡಬಹುದು.

ಅದರ ನಡುಬೆರಳು ನೋಡಿದರೆ ಒಣಗಿದ ಕಡ್ಡಿ. ಆ ಬೆರಳಿನಿಂದ ಮರ ತಟ್ಟಿ, ಟೊಳ್ಳು ಸದ್ದು ಆಲಿಸಿ, ಹುಳ ಎಲ್ಲಿದೆ ಎಂದು ಪತ್ತೆ ಮಾಡಿ, ಹಲ್ಲಿನಿಂದ ಕೊರೆದು, ಅದೇ ಬೆರಳಿನಿಂದ ಎಳೆದು ತಿನ್ನುತ್ತದೆ. ಮುಂದಿನ ಹಲ್ಲು ಇಲಿಗಳ ಹಾಗೆ ಬೆಳೆಯುತ್ತಲೇ ಇರುವುದು. ಅದಕ್ಕೇ ಮೊದಲು ಕಂಡ ವಿಜ್ಞಾನಿಗಳು ಇದನ್ನು ದಂಶಕ ಎಂದು ಲೆಕ್ಕ ಹಾಕಿದ್ದು.

ಮಲೆಕಾಡು
ಅಂಕಾನಿನ್ ನೋಫಿಯನ್ನು ಕಾಡು ಎಂದು ಕರೆಯಬೇಡಿ. ಅಲ್ಲಿನ ಲೀಮರ್‌ಗಳಲ್ಲಿ ಬಹಳಷ್ಟು ಬೇರೆ ಕಡೆಯಿಂದ ತಂದು ಬಿಟ್ಟವು, ಒಂದಕ್ಕೊಂದು ಬೆರೆತು ಮಿಶ್ರತಳಿಗಳೂ ಆಗಿವೆ. ಯಾವ ಪ್ರಭೇದ ಕಂಡೆವು ಎಂದು ಪಟ್ಟಿ ಬರೆಯುವವರು ಅಲ್ಲಿನದನ್ನು ಬೇರೆ ಪುಟದಲ್ಲಿ ಬರೆದುಕೊಳ್ಳುವುದು ಒಳ್ಳೆಯದು.

ಕಡಲಮೀನು
ಅದು ಸರಿಯೇ. ಆದರೆ ಆಯ್-ಆಯ್ ಹೊಟ್ಟೆ ತುಂಬಿಸಿಕೊಂಡು ಆರಾಮಾಗಿ ಉಂಟಲ್ಲ. ಹಳ್ಳಿಗಳಲ್ಲಿ ಅದು ಅಪಶಕುನ, ಕಂಡಲ್ಲಿ ಕೊಲ್ಲುವವರು ಇದ್ದಾರೆ. ದುಡ್ಡು ತರುವ ಪ್ರಾಣಿ ಎಂದಾದರೆ ಕೊಲ್ಲುವ ಕೈ ತಡೆಯುತ್ತದೆ. ಶುದ್ಧ ಕಾಡೇ ಬೇಕು ಎಂದು ಹಟ ಹಿಡಿದರೆ ಹತ್ತು ರಾತ್ರಿ ಅಲೆದೂ ಬರಿಗೈಯಲ್ಲಿ ಬರಬೇಕು ಮತ್ತೆ.

ಬೆಟ್ಟದಜೀವಿ
ಇಬ್ಬರೂ ಸರಿ. ಮುಂದೆ ಹೋಗಿ.

ಅಲೆಮಾರಿ16
ಆಯ್-ಆಯ್‌ಗೆ ಅಂಕಾನಿನ್ ನೋಫಿಯೇ ಇರಲಿ. ಅಂಡಾಸಿಬೆಯಲ್ಲಿ ರಾತ್ರಿ ಸಫಾರಿ ಇದೆಯಲ್ಲ, ಪಾರ್ಕಿನೊಳಗೆ?

ರಾತ್ರಿಗೂಬೆ
ಪಾರ್ಕಿನೊಳಗೆ ಇಲ್ಲ. ರಾಷ್ಟ್ರೀಯ ಉದ್ಯಾನಗಳಲ್ಲಿ ರಾತ್ರಿ ಪ್ರವೇಶ ನಿಷೇಧ. ರಾತ್ರಿ ನಡಿಗೆ ಅಂದರೆ ಪಾರ್ಕಿನ ಅಂಚಿನ ರಸ್ತೆಯಲ್ಲಿ, ಇಲ್ಲವೇ ಊರಿನವರು ನಡೆಸುವ ಸಣ್ಣ ಕಾಡುಗಳಲ್ಲಿ. ಅಂಡಾಸಿಬೆಯಲ್ಲಿ ಮಿತ್ಸಿಂಜೊ ಮತ್ತು ವೊಯಿಮ್ಮಾ ಎಂಬ ಎರಡು ಸ್ಥಳೀಯ ಸಂಘಗಳ ಕಾಡುಗಳಿವೆ. ಸಂಜೆ ಆರರ ಮೇಲೆ ಹೊರಟು ಒಂದೂವರೆ ಎರಡು ಗಂಟೆ. ಪಾರ್ಕಿನೊಳಗೆ ರಾತ್ರಿ ಬಿಡಿಸುತ್ತೇನೆ ಅನ್ನುವವರನ್ನು ನಂಬಬೇಡಿ. ಅಂದಹಾಗೆ ಹಗಲಲ್ಲೂ ಗೈಡ್ ಕಡ್ಡಾಯ. ಪ್ರವೇಶ ಶುಲ್ಕ ಬೇರೆ, ಗೈಡ್ ಶುಲ್ಕ ಬೇರೆ, ಗೈಡ್‌ಗೆ ದುಡ್ಡು ತಲೆಗಿಷ್ಟು ಅಲ್ಲ, ಗುಂಪಿಗೆ ಮತ್ತು ದಾರಿಯ ಉದ್ದಕ್ಕೆ ತಕ್ಕಂತೆ.

ಟಾರ್ಚ್ ಹಿಡಿಯುವುದರಲ್ಲೇ ಅರ್ಧ ಕೆಲಸ. ಹಣೆಗೆ ಕಟ್ಟುವ ದೀಪ ದಾರಿಗೆ. ಪ್ರಾಣಿಗೆ ಇನ್ನೊಂದು ಕೈದೀಪ, ಕಿರಿದಾದ ಬೆಳಕಿನದು, ಅದನ್ನು ಕಿವಿಯ ಪಕ್ಕ, ಕಣ್ಣಿನ ಮಟ್ಟಕ್ಕೆ ಹಿಡಿಯಬೇಕು. ಸೊಂಟದ ಹತ್ತಿರ ಹಿಡಿದರೆ ಪ್ರಾಣಿಯ ಕಣ್ಣಿನ ಹೊಳಪು ನಿಮ್ಮ ಕಣ್ಣಿಗೆ ವಾಪಸ್ ಬರುವುದಿಲ್ಲ. ಕಿತ್ತಳೆ ಬಣ್ಣದ ಜೋಡಿ ಚುಕ್ಕೆ ಕಂಡರೆ ಇಲಿ ಲೀಮರ್ ಅಥವಾ ಕುಬ್ಜ ಲೀಮರ್. ನೆಲದ ಮೇಲೆ ಹಸಿರು ಮಿಣುಕು ಕಂಡರೆ ಜೇಡ. ಕಂಡ ತಕ್ಷಣ ಬೆಳಕನ್ನು ಪಕ್ಕಕ್ಕೆ ಸರಿಸಿ ಅಥವಾ ಕೆಂಪು ಬೆಳಕಿಗೆ ಬದಲಿಸಿ. ರಾತ್ರಿ ಪ್ರಾಣಿಯ ಕಣ್ಣಿಗೆ ನೇರ ಬಿಳಿ ಬೆಳಕು ಬಿಟ್ಟರೆ ಅದು ಕುರುಡಾದಂತೆ ಕೂತುಬಿಡುತ್ತದೆ. ಅದನ್ನೇ ಜನ "ಪೋಸ್ ಕೊಡ್ತಿದೆ" ಅಂದುಕೊಳ್ಳುತ್ತಾರೆ.

ಪುಟ್ಟಕಪ್ಪೆ
ಇಲಿ ಲೀಮರ್ ಅಂದ್ರೆ ನಮ್ಮ ಕಾಡುಪಾಪ ತರಾನಾ?

ಮಲೆಕಾಡು
ದೂರದ ನೆಂಟರು. ಕಾಡುಪಾಪ ಮತ್ತು ಲೀಮರ್ ಎರಡೂ ಒದ್ದೆ ಮೂಗಿನ ಪ್ರೈಮೇಟ್‌ಗಳ ಗುಂಪಿನವು. ಆದರೆ ಕಾಡುಪಾಪ ಕೊಂಬೆ ಹಿಡಿದು ನಿಧಾನ ಸರಿಯುತ್ತದೆ, ಇಲಿ ಲೀಮರ್ ಚಂಗನೆ ನೆಗೆಯುತ್ತದೆ, ಕ್ಯಾಮೆರಾ ಎತ್ತುವಷ್ಟರಲ್ಲಿ ಮಾಯ. ಕಿರಿಂಡಿ ಇರುವ ಮೆನಬೆ ಪ್ರದೇಶದ ಮದಾಂ ಬೆರ್ತ್ ಇಲಿ ಲೀಮರ್ ಸುಮಾರು 30 ಗ್ರಾಂ. ಜಗತ್ತಿನ ಅತಿ ಚಿಕ್ಕ ಪ್ರೈಮೇಟ್ ಅದೇ.

ಮಿಡತೆ
ಭೂಮಿ ಒಂದೇ ಆಗಿದ್ದಾಗ ಮಡಗಾಸ್ಕರ್ ಭಾರತಕ್ಕೆ ಅಂಟಿಕೊಂಡಿತ್ತಲ್ಲ, ಲೀಮರ್‌ಗಳು ಇಲ್ಲಿಂದಲೇ ಹೋಗಿರಬೇಕು.

ಬೆಟ್ಟದಜೀವಿ
ಅಂಟಿಕೊಂಡಿದ್ದು ನಿಜ, ತೀರ್ಮಾನ ತಪ್ಪು. ಭಾರತದ ತುಂಡು ಬೇರೆಯಾದದ್ದು ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಆಗ ಲೀಮರ್ ಇರಲೇ ಇಲ್ಲ. ಅವುಗಳ ಪೂರ್ವಜರು ಆಮೇಲೆ ಆಫ್ರಿಕಾದಿಂದ ತೇಲುವ ಮರಗಿಡಗಳ ರಾಶಿಯ ಮೇಲೆ ಬಂದವು ಎಂಬುದು ಹೆಚ್ಚಿನವರು ಒಪ್ಪುವ ಮಾತು. 1864ರಲ್ಲಿ ಸ್ಕ್ಲೇಟರ್ ಎಂಬ ಪ್ರಾಣಿಶಾಸ್ತ್ರಜ್ಞ ಇದೇ ಗೊಂದಲ ಬಗೆಹರಿಸಲು ಮುಳುಗಿದ ಖಂಡವೊಂದನ್ನು ಊಹಿಸಿ "ಲೆಮೂರಿಯಾ" ಎಂದು ಹೆಸರಿಟ್ಟ. ಖಂಡಗಳು ಸರಿಯುತ್ತವೆ ಎಂದು ಗೊತ್ತಾದ ಮೇಲೆ ಆ ಊಹೆಯೇ ಮುಳುಗಿತು.

ಲಾಟೀನು
ಲೆಮೂರಿಯಾ ಬ್ಯಾಡ್ರಿ, ಶುರು ಆದ್ರ ನೂರು ಕಮೆಂಟ್ ಆಕ್ಕಾವು. ಫೊಸ್ಸಾಕ್ಕ ಬರ್ರಿ.

ಕಿರಿಂಡಿ ಹೆಸರಿನಾಗ ಮಂದಿ ಮೋಸ ಹೋಗ್ತಾರ. ಎರಡು ಕಿರಿಂಡಿ ಅದಾವ. ನಿಮಗ ಬೇಕಾದ್ದು ಮೊರೊಂಡಾವಾದಿಂದ ಈಶಾನ್ಯಕ್ಕ ಸುಮಾರು 60 ಕಿ.ಮೀ. ದೂರದ ಕಿರಿಂಡಿ ಕಾಡು, ಬಾವೊಬಾಬ್ ಅನ್ನೂ ದಪ್ಪ ಕಾಂಡದ ಮರಗಳ ಸಾಲಿನ ದಾರಿ ಹಿಡಿದು ಹೋಗೂದು. ಇನ್ನೊಂದು ಕಿರಿಂಡಿ ಮಿತೆಯಾ, ಅದು ಮೊರೊಂಡಾವಾದ ದಕ್ಷಿಣಕ್ಕ ಐತಿ. ಮ್ಯಾಲೆ "ಬೆಲೊ" ಅನ್ನೂ ಊರೂ ಎರಡು: ಉತ್ತರಕ್ಕ ಬೆಲೊ ಸುರ್ ತ್ಸಿರಿಬಿಹಿನಾ, ದಕ್ಷಿಣಕ್ಕ ಸಮುದ್ರದ ದಂಡಿ ಬೆಲೊ ಸುರ್ ಮೇರ್. ಡ್ರೈವರ್‌ಗೆ "ಉತ್ತರದ ಕಿರಿಂಡಿ" ಅಂತ ಬರದು ಕೊಡ್ರಿ.

ಅಕ್ಟೋಬರ್ ಅಂದ್ರ ನಿಮ್ಮ ನಸೀಬ ಛಲೋ ಐತಿ. ಅಕ್ಟೋಬರ್‌ದಿಂದ ಡಿಸೆಂಬರ್ ತನಕ ಅದರ ಬೆದೆಗಾಲ. ಹೆಣ್ಣು ಒಂದು ಮರ ಹಿಡಕೊಂಡು ಕುಂದರ್ತದ, ಒಂದು ವಾರದ ತನಕ ಕೂಡ. ಗಂಡುಗಳು ಕೆಳಗ ಜಗಳ ಆಡಕೋತ ಸರದಿ ಕಾಯ್ತಾವು. ಆ ಮರ ಗೊತ್ತಾತಂದ್ರ ಹಗಲ ಹೊತ್ತಿನಾಗ, ಕುರ್ಚಿ ಹಾಕ್ಕೊಂಡು ಕುಂತು ನೋಡಬಹುದು. ಹೋದ ಕೂಡಲೇ "ಈ ವರ್ಷದ ಮರ ಸುರು ಆಗೇತೇನು?" ಅಂತ ಕೇಳ್ರಿ. ಎರಡು ರಾತ್ರಿ ಕನಿಷ್ಠ.

ಪುಟ್ಟಕಪ್ಪೆ
ಫೊಸ್ಸಾ ಬೆಕ್ಕಿನ ಜಾತಿ ಅಲ್ವಾ? ಫೋಟೋದಲ್ಲಿ ಸಣ್ಣ ಚಿರತೆ ಹಾಗೆ ಕಾಣುತ್ತೆ.

ಲಾಟೀನು
ಅಲ್ರಿ. ಬೆಕ್ಕಿಗಿಂತ ಮುಂಗುಸಿಗೆ ಹತ್ರದ್ದು. ಮಡಗಾಸ್ಕರ್ ಒಳಗ ಬೆಕ್ಕಿನ ಕುಲದ್ದು ಮೂಲದಿಂದ ಯಾವುದೂ ಇಲ್ಲ, ಆ ಖಾಲಿ ಜಾಗಾನ ಇದು ತುಂಬೇತಿ. ಬಾಲ ಮೈಯಷ್ಟ ಉದ್ದ, ಹಿಂಗಾಲಿನ ಹರಡು ತಿರುಗಿಸಿ ಮರದಿಂದ ತಲೆ ಕೆಳಗ ಮಾಡಿ ಇಳೀತದ.

ತಾನಾದಾರಿ
ಸೇರಿಸ್ತೀನಿ: ಕಿರಿಂಡಿ ಶಿಬಿರದ ಸುತ್ತ ಫೊಸ್ಸಾ ಅಡುಗೆಮನೆ ಕಸಕ್ಕೆ ಬರುತ್ತೆ. ಶೂ, ಬೆಲ್ಟು, ಸೋಪು ಹೊರಗೆ ಬಿಡ್ಬೇಡಿ. ತಿಂಡಿ ಹಾಕೋದಂತೂ ಬೇಡವೇ ಬೇಡ. ಅಕ್ಟೋಬರ್‌ನಲ್ಲಿ ಅಲ್ಲಿ ಬೆಂಕಿಯಂಥ ಸೆಕೆ, ಮರದಲ್ಲಿ ಎಲೆ ಇಲ್ಲ. ಎಲೆ ಇಲ್ಲ ಅಂದ್ರೆ ಪ್ರಾಣಿ ಚೆನ್ನಾಗಿ ಕಾಣುತ್ತೆ ಅನ್ನೋದೇ ಲಾಭ. ಬೆಳಗ್ಗೆ 5:30ಕ್ಕೆ ಹೊರಡಿ, 9ರೊಳಗೆ ವಾಪಸ್, ಮತ್ತೆ 4ರ ಮೇಲೆ. ವಿದ್ಯುತ್ ಇರೋದು ಕೆಲವೇ ಗಂಟೆ, ಪವರ್ ಬ್ಯಾಂಕ್ ತುಂಬಿಸ್ಕೊಂಡು ಹೋಗಿ.

ಹಸಿರುಗೋಸುಂಬೆ
ಗೋಸುಂಬೆ ಅಂದಿದ್ದಕ್ಕೆ ಬಂದೆ. ಜಗತ್ತಿನ ಗೋಸುಂಬೆ ಪ್ರಭೇದಗಳಲ್ಲಿ ಹತ್ತಿರ ಹತ್ತಿರ ಅರ್ಧ ಇಲ್ಲೇ ಇವೆ. ಆದರೆ "ಸಿಕ್ಕಷ್ಟು" ಅಂದರೆ ಆಗುವುದಿಲ್ಲ, ತಿಂಗಳು ನೋಡಬೇಕು.

ಜೂನ್‌ನಿಂದ ಆಗಸ್ಟ್ ಚಳಿ, ಸರೀಸೃಪಗಳು ಮಂಕಾಗಿ ಅಡಗಿರುತ್ತವೆ. ಸೆಪ್ಟೆಂಬರ್ ಕೊನೆಗೆ ಎಚ್ಚರವಾಗುತ್ತವೆ. ಅಕ್ಟೋಬರ್‌ಗೆ ಅಂಡಾಸಿಬೆಯಲ್ಲಿ ಪಾರ್ಸನ್ ಗೋಸುಂಬೆ ಸಿಗುವ ಸಾಧ್ಯತೆ ಚೆನ್ನಾಗಿದೆ. ತೂಕದಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು, ಗಂಡಿನ ಮೂಗಿನ ಮೇಲೆ ಎರಡು ಮೊಂಡು ಕೊಂಬು. ಹಗಲಲ್ಲಿ ಹುಡುಕಿ ಕಣ್ಣು ನೋಯಿಸಿಕೊಳ್ಳಬೇಡಿ, ರಾತ್ರಿ ಹುಡುಕಿ. ನಿದ್ರೆಯಲ್ಲಿ ಅವುಗಳ ಬಣ್ಣ ಬಿಳಿಚಿಕೊಳ್ಳುತ್ತದೆ, ಟಾರ್ಚ್ ಬೆಳಕಿಗೆ ಎಲೆಗಳ ನಡುವೆ ಬಿಳಿ ಸುರುಳಿಯಂತೆ ಎದ್ದು ಕಾಣುತ್ತವೆ. ತೆಳ್ಳನೆಯ ಕಡ್ಡಿಯ ತುದಿಯಲ್ಲಿ ಮಲಗುವುದು ಯಾಕೆಂದರೆ ಹಾವು ಹತ್ತಿದರೆ ಕಡ್ಡಿ ಅಲುಗಿ ಎಚ್ಚರವಾಗುತ್ತದೆ, ಕೈಬಿಟ್ಟು ಕೆಳಗೆ ಬೀಳುತ್ತವೆ. ಅದಕ್ಕೇ ಆ ಕಡ್ಡಿಯನ್ನು ಮುಟ್ಟಿ ಬಗ್ಗಿಸಬಾರದು.

ಬ್ರೂಕೇಶಿಯಾ ಎಂಬ ಪುಟಾಣಿ ಗೋಸುಂಬೆಗಳು ಬೇರೆ. ಹಗಲು ತರಗೆಲೆಯಲ್ಲಿ, ರಾತ್ರಿ ನೆಲದಿಂದ ಒಂದೆರಡು ಗೇಣು ಮೇಲೆ ಗಿಡದ ಎಲೆಯಲ್ಲಿ. ನಿಮ್ಮ ಮೊಣಕಾಲಿನ ಕೆಳಗೆ ನೋಡಿ. ಗುಂಪಿನಲ್ಲಿ ದಾರಿ ಬಿಟ್ಟು ಕಾಲಿಟ್ಟರೆ ತುಳಿದೇ ಹಾಕುತ್ತೀರಿ. 2021ರಲ್ಲಿ ವಿವರಿಸಿದ ಬ್ರೂಕೇಶಿಯಾ ನಾನಾದ ಗಂಡಿನ ಮೈ, ಬಾಲ ಬಿಟ್ಟು, 13.5 ಮಿ.ಮೀ. ಮಾತ್ರ. ಅದು ಉತ್ತರದ ಬೆಟ್ಟದ್ದು, ನಿಮ್ಮ ದಾರಿಯಲ್ಲಿ ಬರುವುದಿಲ್ಲ.

ಇನ್ನು ಕಿರಿಂಡಿ ಕಡೆಯ ಲಾಬೋರ್ಡ್ ಗೋಸುಂಬೆ ಕೇಳಿದರೆ: ಅಕ್ಟೋಬರ್‌ನಲ್ಲಿ ಅದು ಮೊಟ್ಟೆ. ನವೆಂಬರ್ ಮಳೆಗೆ ಒಡೆದು, ಎರಡು ತಿಂಗಳಲ್ಲಿ ಬೆಳೆದು, ಮೊಟ್ಟೆ ಇಟ್ಟು ಸಾಯುತ್ತದೆ. ಹೊರಗಿನ ಬದುಕು ನಾಲ್ಕೈದು ತಿಂಗಳು, ಮೊಟ್ಟೆಯೊಳಗೆ ಎಂಟೊಂಬತ್ತು ತಿಂಗಳು. ಯಾರಾದರೂ ಅಕ್ಟೋಬರ್‌ನಲ್ಲಿ ತೋರಿಸುತ್ತೇನೆ ಅಂದರೆ ಬೇರೆ ಯಾವುದನ್ನೋ ತೋರಿಸುತ್ತಾರೆ.

ಮಿಡತೆ
ಕೂತ ಜಾಗದ ಬಣ್ಣಕ್ಕೆ ತಿರುಗುತ್ತವಲ್ಲ, ಆಮೇಲೆ ಕಾಣೋದಾದ್ರೂ ಹೇಗೆ?

ಹಸಿರುಗೋಸುಂಬೆ
ಅದು ಗಾದೆಯ ಗೋಸುಂಬೆ, ಕಾಡಿನದ್ದಲ್ಲ. ಬಣ್ಣ ಬದಲಾಗುವುದು ಮುಖ್ಯವಾಗಿ ಸಿಟ್ಟು, ಬೆದೆ, ಬಿಸಿಲು, ಭಯಕ್ಕೆ. ಚರ್ಮದ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳಿವೆ, ಅವುಗಳ ನಡುವಿನ ಅಂತರ ಹಿಗ್ಗಿದರೆ ಕುಗ್ಗಿದರೆ ಬೇರೆ ಬಣ್ಣ ಪ್ರತಿಫಲಿಸುತ್ತದೆ. 2015ರಲ್ಲಿ ಇದನ್ನು ತೋರಿಸಿದ್ದು ಪ್ಯಾಂಥರ್ ಗೋಸುಂಬೆಯಲ್ಲೇ. ಅದು ನಿಮ್ಮ ಕಾಲುವೆ ಕಡೆಯ ಕರಾವಳಿಯಲ್ಲಿ ಬೇಲಿ, ರಸ್ತೆಬದಿಯ ಪೊದೆಗಳಲ್ಲೂ ಸಿಗುತ್ತದೆ. ಊರಿಗೊಂದು ಬಣ್ಣ: ಪೂರ್ವದಲ್ಲಿ ಕೆಂಪು ಛಾಯೆ, ನೋಸಿ ಬೆಯಲ್ಲಿ ನೀಲಿಹಸಿರು.

ರಸ್ತೆಬದಿ ಮಕ್ಕಳು ಕಡ್ಡಿಯ ಮೇಲೆ ಗೋಸುಂಬೆ ಇಟ್ಟುಕೊಂಡು ಫೋಟೋಗೆ ಕರೆಯುತ್ತಾರೆ. ದುಡ್ಡು ಕೊಟ್ಟರೆ ನಾಳೆ ಇನ್ನೆರಡು ಹಿಡಿದು ತರುತ್ತಾರೆ.

ಬೆಟ್ಟದಜೀವಿ
ಎಲೆಬಾಲದ ಹಲ್ಲಿ ಮರೆತಿರಿ. ಯೂರೋಪ್ಲೇಟಸ್. ಹಗಲು ಕಾಂಡಕ್ಕೆ ತಲೆ ಕೆಳಗಾಗಿ ಅಂಟಿಕೊಂಡಿರುತ್ತದೆ, ಮೈಯಂಚಿನ ಜಾಲರಿ ತೊಗಟೆಗೆ ಒತ್ತಿದ್ದರಿಂದ ನೆರಳೇ ಬೀಳುವುದಿಲ್ಲ. ಮೈ ಹುಡುಕಬೇಡಿ, ಬಾಯಿಯ ಗೆರೆ ಹುಡುಕಿ. ಕಡ್ಡಿಯಿಂದ ತಿವಿದು ಅದರ ಕೆಂಪು ಬಾಯಿ ತೆರೆಸುವ ಗೈಡ್ ಸಿಕ್ಕರೆ ಅಲ್ಲೇ ನಿಲ್ಲಿಸಿ.

ಅಲೆಮಾರಿ16
ಕುಣಿಯುವ ಸಿಫಾಕಾ ಕಿರಿಂಡಿಯಲ್ಲೇ ಸಿಗುತ್ತದೆ ಎಂದು ಓದಿದ್ದೆ. ಆಗ ಉಂಗುರಬಾಲ ಮಾತ್ರ ಉಳಿಯುತ್ತದೆ.

ಮಲೆಕಾಡು
ಸಿಫಾಕಾ ಸಿಗುತ್ತದೆ, ಕುಣಿತದ ಖಾತ್ರಿ ಇಲ್ಲ. ಅದು ಕುಣಿಯುವುದು ಸಂತೋಷಕ್ಕಲ್ಲ. ಕಾಲು ಉದ್ದ, ಕೈ ಗಿಡ್ಡ, ನಾಲ್ಕು ಕಾಲಲ್ಲಿ ನೆಲದ ಮೇಲೆ ನಡೆಯಲು ಬರುವುದಿಲ್ಲ, ಹಾಗಾಗಿ ಅಡ್ಡಡ್ಡ ನೆಗೆಯುತ್ತದೆ. ಮರಗಳ ನಡುವೆ ಅಂತರ ಇದ್ದಲ್ಲಿ ಮಾತ್ರ ಇಳಿಯುತ್ತದೆ. ಕಿರಿಂಡಿಯಲ್ಲಿ ಮರ ಒತ್ತಾಗಿರುವುದರಿಂದ ಮೇಲಿಂದ ಮೇಲೆಯೇ ಹೋಗಿಬಿಡುತ್ತದೆ. ದಾರಿ ಅಗಲವಾಗಿರುವ ಕಡೆ ಬೆಳಗ್ಗೆ ಕಾಯಬೇಕು.

ಕುಣಿತವೂ ಉಂಗುರಬಾಲವೂ ಒಟ್ಟಿಗೆ ಖಾತ್ರಿಯಾಗಿ ಬೇಕೆಂದರೆ ದಕ್ಷಿಣದ ಬೆರೆಂಟಿ. ತೊಲನಾರೊಗೆ ವಿಮಾನ, ಅಲ್ಲಿಂದ ಕೆಟ್ಟ ರಸ್ತೆ.

ತಾನಾದಾರಿ
ಒಳನಾಡಿನ ವಿಮಾನ ನಂಬಿ ಪ್ಲಾನ್ ಹಾಕೋದು ಗಾಳಿಯಲ್ಲಿ ಗೋಡೆ ಕಟ್ಟಿದ ಹಾಗೆ. ಸಮಯ ಬದಲಾಗುತ್ತೆ, ರದ್ದಾಗುತ್ತೆ. ಹತ್ತಿದ್ರೂ ಮನೆಗೆ ಹೋಗೋ ವಿಮಾನಕ್ಕೆ ಮುಂಚೆ ಒಂದು ಇಡೀ ದಿನ ಖಾಲಿ ಇರಬೇಕು.

ಉಂಗುರಬಾಲಕ್ಕೆ ರಸ್ತೆಯಲ್ಲೇ ಹೋಗಬಹುದಾದ ಜಾಗ ಅಂಜಾ, ಅಂಬಾಲಾವಾವೊದಿಂದ ಸುಮಾರು 12 ಕಿ.ಮೀ. ಹಳ್ಳಿಯವರೇ ನಡೆಸೋ ಕಾಡು. ಎರಡು ಗಂಟೆ ಸಾಕು. ಸೆಪ್ಟೆಂಬರ್‌ನಲ್ಲಿ ಮರಿ ಹಾಕಿರ್ತವೆ, ಅಕ್ಟೋಬರ್‌ಗೆ ಮರಿ ಅಮ್ಮನ ಬೆನ್ನ ಮೇಲೆ. ಬೆಳಗ್ಗೆ ಬಂಡೆ ಮೇಲೆ ಕೈ ಚಾಚಿ ಹೊಟ್ಟೆಗೆ ಬಿಸಿಲು ಕಾಯಿಸೋದು ನೋಡ್ಬೇಕು. ಆದ್ರೆ ರಾಜಧಾನಿಯ ದಕ್ಷಿಣಕ್ಕಿರೋ ಅಂಟ್ಸಿರಾಬೆ ಊರಿಂದ ಅಲ್ಲಿಗೆ ಇಡೀ ದಿನ, ವಾಪಸ್ ಇಡೀ ದಿನ. ಕಿರಿಂಡಿ ಬೇಕು ಅಂದ್ರೆ ಅಂಜಾ ಬಿಡಿ, ಅಂಜಾ ಬೇಕು ಅಂದ್ರೆ ಕಿರಿಂಡಿ ಬಿಡಿ.

ಬೆಟ್ಟದಜೀವಿ
ಕಿರಿಂಡಿ ಬಿಟ್ಟರೆ ರಾನೊಮಫಾನಾ ಸೇರುತ್ತದೆ, ಅದನ್ನು ಮರೆಯಬೇಡಿ. 1980ರ ದಶಕದಲ್ಲಿ ಗೊತ್ತಾದ ಚಿನ್ನದ ಬಣ್ಣದ ಬಿದಿರು ಲೀಮರ್‌ನಿಂದಲೇ 1991ರಲ್ಲಿ ಆ ಉದ್ಯಾನವಾದದ್ದು. ಸಯನೈಡ್ ತುಂಬಿದ ಬಿದಿರಿನ ಚಿಗುರು ತಿನ್ನುತ್ತದೆ. ಅದರ ಗಾತ್ರದ ಬೇರೆ ಪ್ರಾಣಿಯನ್ನು ಹತ್ತು ಸಲ ಕೊಲ್ಲುವಷ್ಟು ವಿಷ ದಿನಾ ಅರಗಿಸಿಕೊಳ್ಳುತ್ತದೆ. ಹೇಗೆ ಎಂಬುದು ಇನ್ನೂ ಪೂರ್ತಿ ಬಿಡಿಸಿಲ್ಲ. ಒಂದು ಫೊಸ್ಸಾಗೋಸ್ಕರ ಇದೆಲ್ಲ ಬಿಡುವುದು ನನಗೆ ಒಪ್ಪಿಗೆಯಿಲ್ಲ.

ಲಾಟೀನು
ಬಿದಿರು ಲೀಮರ್ ವರ್ಷಪೂರ್ತಿ ಸಿಗತೈತಿ. ಫೊಸ್ಸಾ ಹಿಂಗ ಹಗಲ ಹೊತ್ತಿನಾಗ ಸಿಗೂದು ವರ್ಷದಾಗ ಮೂರೇ ತಿಂಗಳು. ಅಕ್ಟೋಬರ್‌ದಾಗ ಹೋಗಿ ಕಿರಿಂಡಿ ಬಿಡೂದು ಅಂದ್ರ ಹಬ್ಬದ ದಿನ ಉಪವಾಸ ಮಾಡಿದಂಗ. ಜೋಳಕ್ಕ, ಶೇಂಗಾಕ್ಕ ಅಂತ ಮೆನಬೆ ಕಾಡು ಸುಟ್ಟಕೋತ ಹೊಂಟಾರ. ಮುಂದಿನ ಸಲ ಅನ್ನಾಕ ಎಷ್ಟು ಉಳೀತೈತೋ.

ಬೆಟ್ಟದಜೀವಿ
ಆ ಕೊನೆಯ ಮಾತಿಗೆ ಉತ್ತರವಿಲ್ಲ. ಕಿರಿಂಡಿಗೇ ಹೋಗಿ.

ಜ್ವರಮಾಪಕ
ಆರೋಗ್ಯದ ಬಗ್ಗೆ ಯಾರೂ ಮಾತೇ ಎತ್ತಿಲ್ಲ. ಮಲೇರಿಯಾ ಇದೆ, ಕರಾವಳಿಯಲ್ಲಿ ಹೆಚ್ಚು. ಕ್ಲೋರೋಕ್ವಿನ್ ಇಲ್ಲಿ ನಡೆಯುವುದಿಲ್ಲ. ಅಟೊವಾಕ್ವೋನ್-ಪ್ರೊಗ್ವಾನಿಲ್ ಆದರೆ ಹೋಗುವ ಒಂದೆರಡು ದಿನ ಮೊದಲು ಶುರು, ಬಂದ ಮೇಲೆ 7 ದಿನ. ಡಾಕ್ಸಿಸೈಕ್ಲಿನ್ ಆದರೆ ಬಂದ ಮೇಲೆ 4 ವಾರ, ಬಿಸಿಲಿಗೆ ಚರ್ಮ ಸುಡುತ್ತದೆ, ಕಿರಿಂಡಿಯಲ್ಲಿ ಅದು ಕಷ್ಟ. ವೈದ್ಯರನ್ನು ಕೇಳಿ ಆರಿಸಿ. ಆಫ್ರಿಕಾದ ಹಳದಿ ಜ್ವರದ ದೇಶದಲ್ಲಿ ವಿಮಾನ ಬದಲಿಸುವಾಗ 12 ಗಂಟೆ ಮೀರಿದರೆ ಲಸಿಕೆಯ ಪ್ರಮಾಣಪತ್ರ ಕೇಳುತ್ತಾರೆ, ಅದು ಚುಚ್ಚಿಸಿಕೊಂಡ 10 ದಿನದ ನಂತರವೇ ಚಾಲ್ತಿ. ನಿಂತ ಸಿಹಿನೀರಿನಲ್ಲಿ ಈಜಬೇಡಿ, ಬಸವನಹುಳುವಿನಿಂದ ಹರಡುವ ಪರೋಪಜೀವಿ ಚರ್ಮದ ಮೂಲಕವೇ ಒಳಹೋಗುತ್ತದೆ. ಹಾವಿಗೆ ಹೆದರುವ ಅಗತ್ಯವಿಲ್ಲ, ನೆಲದ ಹಾವುಗಳಲ್ಲಿ ಮನುಷ್ಯರನ್ನು ಕೊಲ್ಲುವಂಥದ್ದಿಲ್ಲ. ಮೊಸಳೆ ಇವೆ, ಹೊಳೆ ದಡದಲ್ಲಿ ಹುಷಾರು.

ಪುಟ್ಟಕಪ್ಪೆ
ಇಂಬಳ?

ಜ್ವರಮಾಪಕ
ಪೂರ್ವದ ಕಾಡಿನಲ್ಲಿ ಮಳೆ ಬಿದ್ದರೆ ಧಾರಾಳ. ಪ್ಯಾಂಟನ್ನು ಕಾಲುಚೀಲದೊಳಗೆ ಸಿಕ್ಕಿಸಿ. ಹತ್ತಿದರೆ ಉಗುರಿನಿಂದ ಬಾಯಿಯ ಕಡೆಯಿಂದ ಜಾರಿಸಿ ತೆಗೆಯಿರಿ. ಬೆಂಕಿ ತಗುಲಿಸಿದರೆ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕುತ್ತದೆ.

ಕಡಲಮೀನು
ದುಡ್ಡಿನ ವಿಷಯ: ಅಲ್ಲಿನ ಹಣ ಅರಿಯಾರಿ, ಅದರಲ್ಲೇ ನಗದು ಇಟ್ಟುಕೊಳ್ಳಿ. ಅತಿ ದೊಡ್ಡ ನೋಟೇ 20,000 ಅರಿಯಾರಿಯದ್ದು, ಹಾಗಾಗಿ ಕಟ್ಟು ದಪ್ಪ ಆಗುತ್ತದೆ. ಅಂಡಾಸಿಬೆ, ಕಿರಿಂಡಿಯಲ್ಲಿ ಕಾರ್ಡು ನಂಬಬೇಡಿ, ರಾಜಧಾನಿಯಲ್ಲೇ ಬದಲಾಯಿಸಿ. ಬಕ್ಷೀಸಿಗೆ 2,000, 5,000ದ ಚಿಲ್ಲರೆ ಬೇರೆ ಕಿಸೆಯಲ್ಲಿರಲಿ.

ಮತ್ತೆ "ಫಾದಿ", ಅಂದರೆ ಊರೂರಿನ ನಿಷೇಧ. ಗೋರಿಗಳತ್ತ ಬೆರಳು ನೆಟ್ಟಗೆ ತೋರಿಸಬಾರದು, ಬೆರಳು ಮಡಚಿ ತೋರಿಸಬೇಕು. ಕೆಲವು ಕಡೆ ಹಂದಿಮಾಂಸ ಒಯ್ಯಬಾರದು. ಕಾಡಿಗೆ ಹೋಗುವ ಮೊದಲು ಗೈಡ್‌ನ ಹತ್ತಿರ "ಇಲ್ಲಿ ಯಾವುದು ಫಾದಿ?" ಎಂದು ಕೇಳಿದರೆ ಅವರಿಗೂ ಖುಷಿ. ಇಂದ್ರಿಯನ್ನು ಕೊಲ್ಲುವುದು ಎಷ್ಟೋ ಕಡೆ ಫಾದಿ, ಅವರ ಭಾಷೆಯಲ್ಲಿ ಅದು ಬಾಬಕೊಟೊ.

ಮಿಡತೆ
ಬಾಬಕೊಟೊ ಅಲ್ಲ, "ಬಾಬಕೂಟು". ಮಲಗಾಸಿಯಲ್ಲಿ ಓ ಬರೆದರೆ ಊ ಓದಬೇಕು. ನೋಸಿ ಅಲ್ಲ "ನೂಸಿ", ಫೊಸ್ಸಾ ಅಲ್ಲ "ಫೂಸ".

ತಾನಾದಾರಿ
ಕೊನೆಗೂ ಮಿಡತೆ ಸರಿಯಾಗಿ ಒಂದು ಮಾತು ಹೇಳ್ತು.

ಅಲೆಮಾರಿ16
ಎಲ್ಲ ಓದಿ ಹೀಗೆ ಬದಲಿಸಿದೆ. 1: ಇಳಿಯುವುದು. 2–4: ಅಂಡಾಸಿಬೆ, ಮೂರು ರಾತ್ರಿ. 5–6: ಅಂಕಾನಿನ್ ನೋಫಿ. 7: ವಾಪಸ್ ರಾಜಧಾನಿ. 8: ಅಂಟ್ಸಿರಾಬೆ. 9: ಮೊರೊಂಡಾವಾ. 10–11: ಕಿರಿಂಡಿ, ಎರಡು ರಾತ್ರಿ. 12: ಮೊರೊಂಡಾವಾ. 13: ಅಂಟ್ಸಿರಾಬೆ. 14: ರಾಜಧಾನಿ. 15: ಖಾಲಿ. 16: ಹೊರಡುವುದು. ಉಂಗುರಬಾಲ, ತ್ಸಿಂಗಿ, ನೋಸಿ ಬೆ ಎಲ್ಲ ಹೊರಗೆ.

ಮಲೆಕಾಡು
ಈಗ ಇದು ಪ್ರವಾಸ, ಮೊದಲಿನದು ಓಟ. ಅಂಡಾಸಿಬೆಯಲ್ಲಿ ಒಂದು ಬೆಳಗ್ಗೆ ಇಂದ್ರಿ, ಇನ್ನೊಂದು ದಿನ ಪಕ್ಕದ ಮಂಟಾಡಿಯಾ ಕಾಡು. ಅಲ್ಲಿ ಕಿರೀಟದ ಸಿಫಾಕಾ ಇದೆ, ಬಂಗಾರ, ಬೂದು, ಬಿಳಿ ಬಣ್ಣದ್ದು. ಬೆಟ್ಟ ಕಡಿದು, ರಸ್ತೆ ಕೆಟ್ಟದು, ಬುತ್ತಿ ಕಟ್ಟಿಕೊಂಡು 6ಕ್ಕೆ ಹೊರಡಿ.

ಲಾಟೀನು
9ನೇ ದಿನ ಅಂಟ್ಸಿರಾಬೆ ಬಿಡೂದು ನಸುಕಿನ್ಯಾಗ 5ಕ್ಕ. ಸುಮಾರು 500 ಕಿ.ಮೀ. ಐತಿ, ತಡಾ ಆದ್ರ ಮಿಯಾಂಡ್ರಿವಾಜೊದಾಗ ರಾತ್ರಿ ಉಳೀರಿ, ಕತ್ತಲದಾಗ ಮುಂದ ಹೋಗಬ್ಯಾಡ್ರಿ. 15ನೇ ದಿನ ಖಾಲಿ ಇಟ್ಟೀರಲ್ಲ, ಅದು ಇದಕ್ಕ ಬೇಕಾಕ್ಕೈತಿ.

ತಾನಾದಾರಿ
ಬಾವೊಬಾಬ್ ಸಾಲು 10ನೇ ದಿನ ಹೋಗ್ತಾ ಸುಮ್ನೆ ದಾಟಿ. 12ಕ್ಕೆ ಬರ್ತಾ ಸಂಜೆ 5ರ ಹೊತ್ತಿಗೆ ಅಲ್ಲಿರಿ, ಬೆಳಕು ಪಶ್ಚಿಮದಿಂದ ಬೀಳೋದು ಆಗ.

ಅಲೆಮಾರಿ16
12ಕ್ಕೆ ಕಿರಿಂಡಿ ಬಿಡುವುದು ಎಷ್ಟು ಗಂಟೆಗೆ ಹಾಗಾದರೆ?

ಲಾಟೀನು
ಮಧ್ಯಾಹ್ನ 2ಕ್ಕ. ಮರದ ಮ್ಯಾಲೆ ಫೊಸ್ಸಾ ಇದ್ರ ಬಾವೊಬಾಬ್ ಬಿಟ್ಟಬಿಡ್ರಿ, ಅವು ಎಲ್ಲೂ ಓಡಿ ಹೋಗಂಗಿಲ್ಲ.